ತೌಡಿಗೆ ಕೊಂಡ ಮಗನ ರಕ್ತ

ನನಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ತೋಳು ನೆನಪಿರುತ್ತದೆ. ಹೀಗೆಂದರೆ ಮನೆಯವರು ನಗುತ್ತಾರೆ. ಆದರೆ ಸರಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು ವರ್ಷಗಟ್ಟಲೆ ರಕ್ತ ತೆಗೆದವಳು ಇನ್ನೇನನ್ನು ನೆನಪಿಟ್ಟುಕೊಳ್ಳಬೇಕು? ಬಸ್ಸಿನಲ್ಲಿ ಯಾರಾದರೂ ‘ಗುರುತು ಸಿಕ್ತಾ ಮೇಡಂ?’ ಎಂದರೆ ನಾನು ಮೊದಲು ನೋಡುವುದು ಅವರ ಮೊಣಕೈ ಮಡಿಚುವ ಜಾಗವನ್ನು. ನರ ಸಿಗದೆ ಸತಾಯಿಸಿದವರು, ಸೂಜಿ ಕಂಡೊಡನೆ ತಲೆಸುತ್ತಿ ಬಿದ್ದ ಮೀಸೆಯ ಗಂಡಸರು, ಎಲ್ಲರೂ ನನಗೆ ತೋಳಿನಿಂದಲೇ ಪರಿಚಯ.

ಅಂಥ ಒಂದು ತೋಳಿನ ವಿಷಯದಲ್ಲಿ ನಾನು ಸುಳ್ಳು ಹೇಳಿದೆ. ಸಣ್ಣ ಸುಳ್ಳು. ಮಗುವಿಗೆ ‘ನೋವಾಗಲ್ಲ’ ಎನ್ನುತ್ತೇವಲ್ಲ, ಅಂಥದ್ದು. ಅದರ ಕಥೆ ಇದು.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಅರಸೀಕೆರೆಯಿಂದ ಹಳೇಬೀಡಿನ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಹೋಬಳಿ ಊರಿನ ಆಸ್ಪತ್ರೆಗೆ ನನ್ನನ್ನು ಹಾಕಿದ್ದರು. ಊರಿನ ಹೆಸರು ಬೇಡ. ಬೆಳಿಗ್ಗೆ ಬಾಣಾವರದಲ್ಲಿ ರೈಲು ಹತ್ತಿ, ಅರಸೀಕೆರೆಯಲ್ಲಿ ಇಳಿದು, ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಲ್ಯಾಬಿನ ಬೀಗ ತೆಗೆಯುತ್ತಿದ್ದೆ. ಲ್ಯಾಬು ಎಂದರೆ ಒಂದು ಮೇಜು, ಒಂದು ಮೈಕ್ರೋಸ್ಕೋಪು, ಸರಿಯಾಗಿ ಮುಚ್ಚದ ಒಂದು ಫ್ರಿಜ್ಜು. ಅದೇ ನನ್ನ ಸಾಮ್ರಾಜ್ಯ. ಅಪ್ಪ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಮನೆಯಲ್ಲಿ ಬುದ್ಧನ ಪಟ ಬಿಟ್ಟು ಬೇರೆ ಪಟ ಇಲ್ಲ. ತಾಯಿತ, ಮಂತ್ರ, ದೃಷ್ಟಿ ತೆಗೆಯುವುದು, ಇದರಲ್ಲಿ ಯಾವುದರ ಹೆಸರೆತ್ತಿದರೂ ಅವರು ಊಟದ ತಟ್ಟೆ ಬಿಟ್ಟು ಏಳುತ್ತಿದ್ದರು. ನಾನು ಆ ಅಪ್ಪನ ಮಗಳು, ಮೂಗಿನ ತುದಿಯಲ್ಲಿ ಕೋಪ ಬೇರೆ.

ಆ ಊರಿನಲ್ಲಿ ಒಂದು ಕೊಬ್ಬರಿ ಗೋಡೌನು ಇತ್ತು. ಅಲ್ಲಿ ಕಳ್ಳತನವಾಯಿತು. ಒಳಗೆ ನುಗ್ಗಿದವನು ಕಾವಲುಗಾರನ ತಲೆಗೆ ಹೊಡೆದಿದ್ದ. ಒಳ್ಳೆಯ ಮುದುಕ, ಶುಗರ್ ಪರೀಕ್ಷೆಗೆ ನನ್ನ ಹತ್ತಿರ ಬರುತ್ತಿದ್ದವನು. ಹನ್ನೊಂದನೇ ದಿನ ತೀರಿಕೊಂಡ. ಗೋಡೌನಿನ ಕಿಟಕಿಯ ಒಡೆದ ಗಾಜಿನ ಮೇಲೆ ರಕ್ತ ಸಿಕ್ಕಿತು. ಕಳ್ಳ ಕೈ ಕುಯ್ದುಕೊಂಡಿದ್ದ.

ಪೊಲೀಸರು ಕೈಗೆ ಗಾಯವಾದವನನ್ನು ಹುಡುಕುತ್ತಾ ಕಾಲೋನಿಗೆ ಬಂದರು. ಅಲ್ಲಿನ ಗಂಡಸರೆಲ್ಲ ತೆಂಗಿನಕಾಯಿ ಸುಲಿಯುವವರು, ಒಡೆದು ಕೊಬ್ಬರಿ ಬಿಡಿಸುವವರು. ಕೈಗೆ ಗಾಯವಿಲ್ಲದ ಒಬ್ಬನನ್ನು ತೋರಿಸಿ ನೋಡೋಣ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಆದರೆ ಇಲ್ಲಿ ಎಲ್ಲರ ಹೆಗಲ ಮೇಲೂ ಬೂದಿ ಮೊದಲೇ ಇತ್ತು. ಹಾಗಾಗಿ ಎಲ್ಲರ ರಕ್ತವನ್ನೂ ತೆಗೆದು ಬೆಂಗಳೂರಿಗೆ ಕಳಿಸುವುದೆಂದು ತೀರ್ಮಾನವಾಯಿತು. ಗಾಜಿನ ಮೇಲಿನ ರಕ್ತಕ್ಕೂ ಇವರ ರಕ್ತಕ್ಕೂ ಡಿಎನ್‌ಎ ಹೋಲಿಸಿ ನೋಡುತ್ತಾರೆ ಎಂದು ಡಾಕ್ಟರು ನನಗೆ ಹೇಳಿದರು. ನಮ್ಮ ಕಡೆ ಅದು ಹೊಸ ಮಾತು. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯೇ ಆಯಿತು.

ಸ್ಕೂಲಿನ ಜಗಲಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಮೂವತ್ತೊಂದು ಜನ ಸಾಲಾಗಿ ನಿಂತರು. ಹೆಡ್ ಕಾನ್‌ಸ್ಟೇಬಲ್ ಒಬ್ಬರು ಒಂದು ಕಾಗದ ಓದಿದರು. ‘ಸ್ವಇಚ್ಛೆಯಿಂದ ರಕ್ತದ ಮಾದರಿಯನ್ನು ನೀಡಿರುತ್ತೇನೆ’ ಎಂದು ಅದರಲ್ಲಿತ್ತು. ಸಾಲಿನಲ್ಲಿದ್ದ ಒಬ್ಬ ಮುದುಕ, “ಸ್ವಿಚ್ಚು ಅಂದ್ರೆ ಯಾವ ಸ್ವಿಚ್ಚು ಸ್ವಾಮಿ? ಇಲ್ಲಿ ಕರೆಂಟೇ ಇಲ್ವಲ್ಲ,” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಬೇಡ ಎನ್ನುವುದಕ್ಕೆ ಆ ಕಾಗದದಲ್ಲಿ ಜಾಗವೇ ಇರಲಿಲ್ಲ ಎನ್ನುವುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಹದಿನೇಳನೆಯವನೋ ಹದಿನೆಂಟನೆಯವನೋ, ಇಪ್ಪತ್ತೆರಡರ ವಯಸ್ಸಿನವನೊಬ್ಬ ಬಂದು ಕೂತ. ಉದ್ದನೆಯ ತೋಳು, ನರ ಎದ್ದು ಕಾಣುತ್ತಿತ್ತು, ನೋಡಿಯೇ ಖುಷಿಯಾಯಿತು. ಅವನ ಎಡಕ್ಕೊಬ್ಬಳು ಬಲಕ್ಕೊಬ್ಬಳು ಹೆಂಗಸರು ನಿಂತಿದ್ದರು. ಎಡಗಡೆಯವಳು ಸಣಕಲು, ಬಲಗಡೆಯವಳು ಎತ್ತರ. ಸಣಕಲಿ ಅವನ ತೋಳನ್ನು ಬಿಡಲೊಲ್ಲಳು.

“ಇದ್ನ ಏನ್ ಮಾಡ್ತೀರವ್ವ?” ಎಂದು ಕೇಳಿದಳು.

“ಪರೀಕ್ಷೆ ಮಾಡ್ತಾರೆ.”

“ಆಮೇಕೆ?”

ಸಾಲಿನಲ್ಲಿ ಅವನ ಹಿಂದೆ ಇನ್ನೂ ಹದಿಮೂರು ಜನ ಇದ್ದರು. ಬಿಸಿಲು ಏರುತ್ತಿತ್ತು. “ಆಮೇಲೆ ಚೆಲ್ಲಿಬಿಡ್ತಾರೆ. ಇಟ್ಕೊಂಡು ಏನ್ ಪೂಜೆ ಮಾಡ್ತಾರಾ? ಕೈ ಬಿಡಿ,” ಎಂದೆ. ಅವಳು ಬಿಟ್ಟಳು.

ಚೆಲ್ಲುತ್ತಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಎಂದು ಹೇಳಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಹೆಡ್ ಕಾನ್‌ಸ್ಟೇಬಲ್ ತಾಯಿಯ ಹೆಸರು ಕೇಳಿದಾಗ ಅವನು ಎತ್ತರದ ಹೆಂಗಸಿನ ಹೆಸರು ಹೇಳಿದ. ಸಾಲಿನಲ್ಲಿದ್ದ ಯಾವನೋ ಬುದ್ಧಿವಂತ, “ಹೆತ್ತೋಳು ಅವಳಲ್ಲ ಸಾರ್, ಇವಳು,” ಎಂದು ಸಣಕಲಿಯನ್ನು ತೋರಿಸಿದ.

“ಏನ್ಲಾ, ಪೊಲೀಸರ ಹತ್ರಾನೇ ಸುಳ್ಳು ಹೇಳ್ತೀಯಾ? ಯಾರ್ಲಾ ನಿಮ್ಮವ್ವ?”

ಅವನು ಮತ್ತೆ ಎತ್ತರದವಳನ್ನೇ ತೋರಿಸಿದ. ಸಣಕಲಿ ತಲೆತಗ್ಗಿಸಿ, “ಹೌದು ಸ್ವಾಮಿ, ಅವಳೇಯ. ನಾನು ಪಕ್ಕದ ಮನೆಯೋಳು,” ಎಂದಳು. ಅದನ್ನು ಹೇಳುವಾಗ ಅವಳ ಕೈ ಅವನ ಬೆನ್ನ ಮೇಲಿತ್ತು. ಆ ಕೈಯನ್ನು ನೋಡಿದ ಯಾರೂ ಅವಳ ಮಾತನ್ನು ನಂಬುವ ಹಾಗಿರಲಿಲ್ಲ. ತಾಯಿಯ ಹೆಸರನ್ನೇ ಸುಳ್ಳು ಹೇಳುವವನು ಇನ್ನೇನನ್ನು ಮುಚ್ಚಿಟ್ಟಿದ್ದಾನೋ ಎಂದು ಅವನನ್ನು ಜೀಪಿನಲ್ಲಿ ಕರೆದುಕೊಂಡು ಹೋದರು. ಎರಡು ದಿನ ಕೂರಿಸಿಕೊಂಡು ಬಿಟ್ಟರು, ಆದರೆ ದಿನಾ ಬೆಳಿಗ್ಗೆ ಸ್ಟೇಷನ್ನಿಗೆ ಬಂದು ಸಹಿ ಹಾಕಬೇಕೆಂದರು.

ಮುಂದಿನ ವಾರ ಸಣಕಲಿ ನನ್ನ ಲ್ಯಾಬಿಗೆ ಬಂದಳು. ಪರೀಕ್ಷೆ ಬೇಗ ಮಾಡಿಸಿ ಎಂದು ಕೇಳಲು ಬಂದಿದ್ದಳು. “ಮೊದಲು ನಿಜ ಹೇಳಿ. ಯಾರ ಮಗ ಅವನು?” ಎಂದು ನಾನು ಗದರಿದೆ. ಅವಳು ಬಾಗಿಲಾಚೆ ಇಣುಕಿ, ಯಾರೂ ಇಲ್ಲವೆಂದು ಖಾತರಿ ಮಾಡಿಕೊಂಡು, ಪಿಸುಗುಟ್ಟಿದಳು.

ಅವಳಿಗೆ ಮೊದಲು ಮೂರು ಮಕ್ಕಳು ಹುಟ್ಟಿ ಮೂರೂ ಹೋಗಿದ್ದವು, ಮೂರು ತಿಂಗಳು ದಾಟಿರಲಿಲ್ಲ. ನಾಲ್ಕನೆಯದು ಹುಟ್ಟಿದಾಗ ಅದನ್ನು ಮೊರದಲ್ಲಿ ಮಲಗಿಸಿ ಪಕ್ಕದ ಮನೆಯವಳಿಗೆ ಮಾರಿದರು. ಬೆಲೆ ಒಂದು ಬೊಗಸೆ ತೌಡು. ತೌಡಿಗೆ ಕೊಂಡ ಮಗು ಎಂದರೆ ಬೆಲೆಯಿಲ್ಲದ ಮಗು, ಯಮನಿಗೂ ಅದರ ಮೇಲೆ ಕಣ್ಣಿರುವುದಿಲ್ಲ ಎಂದು ಲೆಕ್ಕ. ನಮ್ಮ ಸೀಮೆಯಲ್ಲಿ ಇದು ಹೊಸದೇನಲ್ಲ. ಎಲ್ಲರೂ ಮಾರುವುದು ಹೆಸರಿಗೆ ಮಾತ್ರ, ಸಂಜೆಗೆ ಮಗು ಮನೆಗೆ ಬಂದಿರುತ್ತದೆ, ಮರೆತೂ ಹೋಗುತ್ತದೆ. ಇವಳು ಮರೆಯಲಿಲ್ಲ. ಮೂರನ್ನು ಮಣ್ಣು ಮಾಡಿದವಳು ಹೇಗೆ ಮರೆತಾಳು? ಹಾಲು ಕೊಟ್ಟಳು, ಎತ್ತಿ ಆಡಿಸಿದಳು, ಆದರೆ ಒಂದು ದಿನವೂ ‘ಮಗನೇ’ ಎಂದು ಕರೆಯಲಿಲ್ಲ. ಅವನು ಕೊಂಡವಳನ್ನು ‘ಅವ್ವ’ ಎಂದ, ಹೆತ್ತವಳನ್ನು ‘ಚಿಕ್ಕವ್ವ’ ಎಂದ. ಸ್ಕೂಲು, ರೇಷನ್ ಕಾರ್ಡು, ವೋಟರ್ ಲಿಸ್ಟು, ಎಲ್ಲದರಲ್ಲೂ ಕೊಂಡವಳ ಹೆಸರೇ ಬಿತ್ತು.

“ಇಪ್ಪತ್ತೆರಡು ವರ್ಷ ಅವ್ನು ಯಾರ ಮಗ ಅಂತ ಯಮನಿಗೂ ಗೊತ್ತಾಗ್ದಂಗೆ ಮುಚ್ಚಿಟ್ಟಿದ್ದೆ ಕಣವ್ವ. ಆ ಪೊಲೀಸಪ್ಪ ಹೇಳ್ತಾನೆ, ಸುಮ್ಕಿರಮ್ಮ, ಯಾರ ಮಗ ಅಂತ ರಕ್ತಾನೇ ಹೇಳ್ತದೆ ಅಂತ. ಹೌದಾ?”

“ಹೌದು,” ಎಂದೆ.

ಅವಳ ಮುಖ ಇಳಿದುಹೋಯಿತು. ನಾನು ಸುಮ್ಮನಿರಬಹುದಿತ್ತು. ಇಲ್ಲ, ಅಪ್ಪನ ಮಗಳಲ್ಲವೇ! ಮೂಢನಂಬಿಕೆ, ಬಾಣಂತಿತನ, ಧನುರ್ವಾಯು, ಚುಚ್ಚುಮದ್ದು ಎಂದು ಅವಳಿಗೆ ಅರ್ಧ ಗಂಟೆ ಪಾಠ ಹೇಳಿದೆ. ಅವಳು ಎಲ್ಲಕ್ಕೂ ತಲೆಯಾಡಿಸಿ, “ಪರೀಕ್ಷೆ ಆದ್ ತಕ್ಷಣ ಚೆಲ್ತಾರೆ ತಾನೆ?” ಎಂದಷ್ಟೇ ಕೇಳಿದಳು. ನಾನು ಎರಡನೇ ಸಲ ಹೌದೆಂದೆ.

ಐದು ತಿಂಗಳ ಮೇಲೆ ರಿಪೋರ್ಟು ಬಂತು. ಗಾಜಿನ ಮೇಲಿದ್ದ ರಕ್ತ ಆ ಮೂವತ್ತೊಂದರಲ್ಲಿ ಯಾರದೂ ಅಲ್ಲ. ಕೊನೆಗೆ ಸಿಕ್ಕಿಬಿದ್ದವನು ಗೋಡೌನಿನ ಯಜಮಾನರ ಹತ್ತಿರದ ನೆಂಟ, ಅವರ ಮನೆಯಲ್ಲೇ ಉಂಡುಕೊಂಡಿದ್ದವನು. ಅವನ ರಕ್ತ ಹೊಂದಿತು. ಆ ಮನೆಯ ಒಂದು ತೋಳೂ ಆ ಭಾನುವಾರ ನನ್ನ ಮುಂದೆ ಬಂದಿರಲಿಲ್ಲ. ಆದರೂ ಒಂದು ಮಾತು ಹೇಳಬೇಕು. ಆ ಪರೀಕ್ಷೆ ಇಲ್ಲದಿದ್ದರೆ ಕೊಂಡವಳ ಹೆಸರು ಹೇಳಿದ ತಪ್ಪಿಗೆ ಇವನೇ ಒಳಗಿರುತ್ತಿದ್ದ. ಸತ್ತ ಕಾವಲುಗಾರನ ಹೆಂಡತಿ ಲ್ಯಾಬಿಗೆ ಬಂದು ನನ್ನ ಕೈ ಹಿಡಿದುಕೊಂಡು ಅತ್ತಳು, ಏನೋ ನಾನೇ ಕಳ್ಳನನ್ನು ಹಿಡಿದ ಹಾಗೆ. ಇದನ್ನೆಲ್ಲ ನಾನು ಮರೆಯುವುದಿಲ್ಲ. ರಕ್ತದ ಮೇಲೆ ನನಗೆ ಸಿಟ್ಟಿಲ್ಲ.

ರಿಪೋರ್ಟು ಬಂದ ಮಾರನೇ ದಿನವೇ ಹೆತ್ತವಳು ಹಾಜರ್. ಸೆರಗಿನಲ್ಲಿ ಒಂದು ಸಣ್ಣ ಗಾಜಿನ ಬಾಟಲಿ ಕಟ್ಟಿಕೊಂಡು ಬಂದಿದ್ದಳು, ಚೆನ್ನಾಗಿ ತೊಳೆದದ್ದು.

“ಕೆಲ್ಸ ಆಯ್ತಲ್ಲವ್ವ. ಕಾಪಾಡ್ತು, ನಿಮ್ಗೆ ಪುಣ್ಯ ಬರ್ಲಿ. ಮಿಕ್ಕಿದ್ದು ಕೊಟ್ಬುಡಿ. ನಾನೇ ಮಣ್ಣಿಗೆ ಹಾಕ್ತೀನಿ.”

ಬೆಂಗಳೂರಿನಲ್ಲಿದೆ, ವಿಚಾರಿಸಿ ಹೇಳುತ್ತೇನೆ ಎಂದು ಕಳಿಸಿದೆ. ಅದೇ ಹೆಡ್ ಕಾನ್‌ಸ್ಟೇಬಲ್ ಯಾವುದೋ ಸರ್ಟಿಫಿಕೇಟಿಗಾಗಿ ಆಸ್ಪತ್ರೆಗೆ ಬಂದಾಗ ಕೇಳಿದೆ.

“ಯಾಕ್ ಚೆಲ್ತಾರೆ ಮೇಡಂ? ಕಷ್ಟಪಟ್ಟು ತೆಗ್ದಿರೋದು. ಇರ್ಲಿ ಬಿಡಿ, ನಾಳೆ ಇನ್ನೊಂದು ಕೇಸಿಗಾಗ್ತದೆ. ಆ ಕಾಲೋನಿಯೋರು ಎಲ್ಲಿಗೆ ಹೋಗ್ತಾರೆ?”

“ನಿಮ್ದೂ ಕೊಟ್ಟಿದೀರಾ?”

“ನಂದ್ಯಾಕೆ?” ಎಂದರು. ನಿಜವಾಗಿಯೂ ಆಶ್ಚರ್ಯಪಟ್ಟೇ ಕೇಳಿದರು, ಕೆಟ್ಟ ಮನುಷ್ಯರಲ್ಲ. ನಾನೂ ಬಾಣಾವರದ ಕಾಲೋನಿಯವಳೇ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಅಂದು ರೈಲಿನಲ್ಲಿ ಕೂತು ಮನೆಗೆ ಹೋಗುವಾಗ ನನ್ನ ತೋಳನ್ನೇ ನೋಡಿಕೊಂಡೆ. ನಮ್ಮಣ್ಣನ ತೋಳು, ತಮ್ಮನ ತೋಳು, ನಾಳೆ ಹುಟ್ಟುವ ಮಕ್ಕಳ ತೋಳು ಎಲ್ಲ ನೆನಪಿಗೆ ಬಂದವು.

ಆಮೇಲೆ ಹೆತ್ತವಳು ತಿಂಗಳಿಗೊಂದು ಸಲ ಬರತೊಡಗಿದಳು. ಜಗಳವಿಲ್ಲ, ಅಳುವಿಲ್ಲ. ಬೆಂಚಿನ ಮೇಲೆ ಕೂರುವಳು, ನನಗೆ ಬಿಡುವಾದಾಗ “ಬಂತಾ?” ಎನ್ನುವಳು, “ಇನ್ನೂ ಇಲ್ಲ” ಎಂದರೆ “ಬತ್ತೀನವ್ವ” ಎಂದು ಹೊರಡುವಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾಲ್ಕನೇ ಸಲವೋ ಐದನೇ ಸಲವೋ ಅವಳು ಒಬ್ಬಳೇ ಬರಲಿಲ್ಲ. ಅವಳೂ ಕೊಂಡವಳೂ ಸೇರಿ ಅವನನ್ನು ಆಟೋದಲ್ಲಿ ಹೊತ್ತು ತಂದರು. ಎಂಟು ದಿನದಿಂದ ಜ್ವರ. ಪರೀಕ್ಷೆ ಮಾಡಿದೆ, ಟೈಫಾಯ್ಡು. ಡಾಕ್ಟರು ಡ್ರಿಪ್ ಹಾಕಿಸಿ ಮಲಗಿಸಿದರು. ಹುಷಾರಾಗುತ್ತಾನೆ ಎಂದು ನಾನು ಎಷ್ಟು ಹೇಳಿದರೂ ಹೆತ್ತವಳ ಕಿವಿಗೆ ಹೋಗಲಿಲ್ಲ.

“ಗೊತ್ತಾಗೋಯ್ತು ಕಣವ್ವ ಆ ಯಮನಿಗೆ. ನನ್ನ ಮಗ ಅಂತ ಗೊತ್ತಾಗೋಯ್ತು,” ಎಂದು ಅದನ್ನೇ ಹೇಳುತ್ತಿದ್ದಳು. ಅಷ್ಟು ವರ್ಷದಲ್ಲಿ ಅವಳು ಆ ಮಾತನ್ನು ಗಟ್ಟಿಯಾಗಿ ಆಡಿದ್ದು ಅದೇ ಮೊದಲು. ಆಡಿದ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡಳು.

ನನಗೆ ತಡೆಯಲಾಗಲಿಲ್ಲ. ಅವಳನ್ನು ಲ್ಯಾಬಿಗೆ ಕರೆದುಕೊಂಡು ಹೋದೆ. ಕೆಲಸ ಮುಗಿದ ಹಳೇ ಟ್ಯೂಬುಗಳು ಸ್ಟ್ಯಾಂಡಿನಲ್ಲಿದ್ದವು. ಒಂದನ್ನು ಎತ್ತಿಕೊಂಡೆ. “ನೋಡಿ, ಬೆಂಗಳೂರಿಂದ ಬಂದಿದೆ. ಇದೇ ಅವನ ರಕ್ತ. ನಿಮ್ಮ ಕಣ್ಣೆದುರಿಗೇ ಚೆಲ್ತೀನಿ,” ಎಂದು ಸಿಂಕಿನ ಮೇಲೆ ಹಿಡಿದೆ.

ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು.

“ಬ್ಯಾಡ ಕಣವ್ವ. ಅದು ಯಾರ ಮಗಂದೋ ಏನೋ.”

ಟ್ಯೂಬು ಕೆಳಗಿಟ್ಟು ಕುರ್ಚಿಯ ಮೇಲೆ ಕೂತುಬಿಟ್ಟೆ. ಅಳು ಬಂತು. ಮೊದಲ ದಿನದಿಂದ ಸುಳ್ಳು ಹೇಳಿದ್ದೇನೆ, ರಕ್ತ ಅಲ್ಲೇ ಇದೆ, ಇಟ್ಟುಕೊಂಡಿದ್ದಾರೆ, ವಾಪಸ್ ಬರುವ ದಾರಿ ನನಗೆ ಗೊತ್ತಿಲ್ಲ ಎಂದು ಎಲ್ಲ ಹೇಳಿಬಿಟ್ಟೆ.

“ನೀನು ಸುಳ್ಳು ಹೇಳ್ತಿದೀಯ ಅಂತ ಅವತ್ತೇ ಗೊತ್ತಿತ್ತು,” ಎಂದಳು. “ಬ್ಯಾಡ ಅಂದಿದ್ರೆ ಪೊಲೀಸ್ನೋರು ಅದ್ನೂ ಬರ್ಕೋತಿದ್ರು. ಅದಕ್ಕೇ ಕೈ ಬಿಟ್ಟೆ.”

ಆಮೇಲೆ ಅವಳು ಮೇಜಿನ ಮೇಲಿದ್ದ ನನ್ನ ಸ್ಟೀಲಿನ ಟ್ರೇ ನೋಡಿದಳು. “ಅವ್ನು ನನ್ನೋನು ಅಂತ ಗೊತ್ತಾಗಿರೋದು ನಿಜ. ಇನ್ನು ಆಕೆ ತಾವ ಇದ್ರೂ ಪ್ರಯೋಜನ ಇಲ್ಲ. ನೀನು ತಗೋ.”

“ಏನು?”

“ಅವನ್ನ. ಒಂದು ಬೊಗಸೆ ತೌಡು ಕೊಟ್ಟು ತಗೋ. ನೀನು ಓದ್ದೋಳು, ನೌಕರಿಲಿರೋಳು. ನಿನ್ನ ಮಗ ಅಂದ್ರೆ ಯಾರೂ ಮುಟ್ಟಾಕಿಲ್ಲ.”

ಅವಳು ಹೇಳಿದ್ದು ಯಮನ ವಿಷಯವೋ ಪೊಲೀಸರ ವಿಷಯವೋ ನಾನು ಕೇಳಲಿಲ್ಲ. ನನಗಾಗ ಮೂವತ್ತೆರಡು. ಕೊಳ್ಳಬೇಕಾದ ಮಗ ನನಗಿಂತ ಹತ್ತೇ ವರ್ಷ ಚಿಕ್ಕವನು. ನಗು ಬರಬೇಕಿತ್ತು, ಬರಲಿಲ್ಲ. ಬಿಳಿ ಕೋಟು ಹಾಕಿಕೊಂಡೇ ಹಿಂದಿನ ರಸ್ತೆಯ ಮಿಲ್ಲಿಗೆ ಹೋದೆ.

“ಹಸು ಕಟ್ಟಿದೀರಾ ಮೇಡಂ?” ಎಂದು ಮಿಲ್ಲಿನವನು ತೌಡು ಕೊಡುತ್ತಾ ಕೇಳಿದ.

“ಇಲ್ಲ, ಮಗನ್ನ ತಗೋತಿದೀನಿ,” ಎಂದೆ. ತಮಾಷೆ ಎಂದುಕೊಂಡು ನಕ್ಕ.

ಮೊರದಲ್ಲಿ ಹಿಡಿಯುವ ಮಗನಲ್ಲ, ಕಾಲು ಮಂಚದಿಂದಾಚೆ ಬರುತ್ತಿದ್ದವು. ಕೊಂಡವಳು ಸ್ಟೀಲಿನ ಟ್ರೇಯನ್ನು ಅವನ ಎದೆಗೆ ಮುಟ್ಟಿಸಿ ನನ್ನ ಕೈಗೆ ಕೊಟ್ಟಳು. ನಾನು ಅವಳ ಸೆರಗಿಗೆ ತೌಡು ಸುರಿದೆ. ಅವಳಿಗೂ ಕಣ್ಣು ತುಂಬಿತ್ತು, ಇಪ್ಪತ್ತೆರಡು ವರ್ಷ ‘ಅವ್ವ’ ಅನ್ನಿಸಿಕೊಂಡವಳು. ಅವನು ಜ್ವರದ ಕಣ್ಣು ಬಿಟ್ಟು ಮೂವರನ್ನೂ ನೋಡಿ, “ಇನ್ನೂ ಎಷ್ಟ್ ಜನಕ್ಕೆ ಮಾರ್ತೀರಾ?” ಎಂದ. ಹತ್ತು ದಿನಕ್ಕೆ ಎದ್ದು ನಡೆದಾಡಿದ. ಡಾಕ್ಟರ ಇಂಜೆಕ್ಷನ್ನಿನಿಂದಲೇ, ನನಗೆ ಅದರಲ್ಲಿ ಅನುಮಾನವಿಲ್ಲ.

ಅಪ್ಪನಿಗೆ ಹೇಳಲು ಹೆದರಿಕೆಯಾಗಿತ್ತು. ಒಂದು ವಾರ ಬಿಟ್ಟು ಹೇಳಿದೆ. ತಟ್ಟೆ ಬಿಟ್ಟು ಏಳುತ್ತಾರೆಂದು ಕಾದೆ. ಅವರು ತುತ್ತು ನುಂಗಿ, “ಎಷ್ಟು ಕೊಟ್ಟೆ ತೌಡು?” ಎಂದರು.

“ಒಂದು ಬೊಗಸೆ.”

“ಕಮ್ಮಿ ಆಯ್ತು,” ಎಂದರು.

ಕೊಂಡ ಮೇಲೆ ಸುಮ್ಮನಿರಲಾಗುತ್ತದೆಯೇ? ನಾನು ಒಂದು ಅರ್ಜಿ ಬರೆದೆ. ಈ ಮೂವತ್ತೊಂದು ಜನ ರಕ್ತ ಕೊಟ್ಟದ್ದು ಒಂದು ಕೇಸಿಗೆ, ಪರೀಕ್ಷೆಯಾದ ಮೇಲೆ ಚೆಲ್ಲುತ್ತಾರೆ ಎಂದು ಮಾತು ಕೊಟ್ಟವಳು ನಾನು, ಆ ಮಾತಿನ ಮೇಲೆ ತೋಳು ಚಾಚಿದರು, ಒಂದೋ ಚೆಲ್ಲಿ, ಇಲ್ಲ ಅವರನ್ನು ಹೊಸದಾಗಿ ಕೇಳಿ ಎಂದು. ಸ್ಟೇಷನ್ನಿಗೊಂದು, ಬೆಂಗಳೂರಿಗೊಂದು ಕಳಿಸಿದೆ. “ತೌಡು ಕುಟ್ಟೋ ಕೆಲಸ,” ಎಂದರು ಡಾಕ್ಟರು. ಅವರಿಗೆ ಮಿಕ್ಕ ಕಥೆ ಗೊತ್ತಿರಲಿಲ್ಲ. ಉತ್ತರ ಬರಲಿಲ್ಲ. ಆ ರಕ್ತ ಇವತ್ತು ಎಲ್ಲಿದೆಯೋ ನನಗೆ ತಿಳಿಯದು.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ನನ್ನನ್ನು ಕೇಳಿಕೊಂಡು ಆಸ್ಪತ್ರೆಗೆ ಫೋನು ಬಂತು. ಅದೇ ಹೆಡ್ ಕಾನ್‌ಸ್ಟೇಬಲ್.

“ಮೇಡಂ, ಇಲ್ಲೊಬ್ಬನನ್ನ ಕರ್ಸಿದೀವಿ. ಈ ಸಲ ತಾಯಿ ಹೆಸರು ನಿಮ್ದು ಹೇಳ್ತಾವ್ನೆ. ತಲೆ ಕೆಟ್ಟಿದೆಯಾ ಇವನಿಗೆ?”

“ಇಲ್ಲ ಸಾರ್. ನನ್ನ ಮಗಾನೇ. ಬಂದೆ,” ಎಂದು ಅರ್ಜಿಯ ಪ್ರತಿ ಹಿಡಿದುಕೊಂಡು ಓಡಿದೆ.

ಇನ್ನೊಂದು ಗೋಡೌನಿನಲ್ಲಿ ಕಳ್ಳತನವಾಗಿತ್ತು. ರಕ್ತದ ಕಲೆಯಿದ್ದ ಒಂದು ಟವೆಲ್ಲು ಸಿಕ್ಕಿತ್ತಂತೆ. ಮೊದಲೇ ಲಿಸ್ಟಿನಲ್ಲಿದ್ದ ಮೂವತ್ತೊಂದು ಜನರನ್ನು ಒಬ್ಬೊಬ್ಬರನ್ನಾಗಿ ಕರೆಸುತ್ತಿದ್ದರು. ಇನ್ಸ್‌ಪೆಕ್ಟರು ಹೊಸಬರು, ಚಿಕ್ಕ ವಯಸ್ಸು, ಮರ್ಯಾದೆಯ ಮನುಷ್ಯ. ಅವರ ಮೇಜಿನ ಆಚೆ ಅವನು ಕೈ ಕಟ್ಟಿಕೊಂಡು ನಿಂತಿದ್ದ. ಹೆತ್ತವಳೂ ಕೊಂಡವಳೂ ಬೆಂಚಿನ ಮೇಲಿದ್ದರು. ನಾನು ಅರ್ಜಿ ಕೊಟ್ಟು ಅವರ ಪಕ್ಕದಲ್ಲಿ ಕೂತೆ. ಇನ್ಸ್‌ಪೆಕ್ಟರು ಪೂರ್ತಿ ಓದಿದರು.

“ತಪ್ಪು ಮಾಡದೇ ಇರೋರಿಗೆ ಹೆದರಿಕೆ ಯಾಕೆ ಮೇಡಂ?”

“ತಪ್ಪು ಮಾಡದೇ ಇರೋರ ರಕ್ತ ನಿಮಗ್ಯಾಕೆ ಸಾರ್?” ಎಂದೆ.

ಅವರು ಹೆಡ್ ಕಾನ್‌ಸ್ಟೇಬಲ್ ಕಡೆ ತಿರುಗಿ, “ಇವನ ಮೇಲೆ ಬೇರೆ ಏನಾದ್ರೂ ಇದೆಯೇನ್ರಿ?” ಎಂದು ಕೇಳಿದರು.

“ಇಲ್ಲ ಸಾರ್. ಲಿಸ್ಟಲ್ಲಿದ್ದ, ಕರ್ಸಿದ್ವಿ.”

ಇನ್ಸ್‌ಪೆಕ್ಟರು ಅರ್ಜಿಯನ್ನು ಮಡಿಚಿ ಫೈಲಿನಲ್ಲಿಟ್ಟರು. ಲಿಸ್ಟಿನ ವಿಷಯ ನನ್ನ ಕೈಯಲ್ಲಿಲ್ಲ ಮೇಡಂ ಎಂದರು. ಆಮೇಲೆ ರಿಜಿಸ್ಟರು ತೆಗೆದು, ಪೆನ್ನನ್ನು ಅದರ ಮೇಲಿಟ್ಟು, ನಮ್ಮ ಬೆಂಚಿನ ಕಡೆಗೆ ತಳ್ಳಿದರು.

“ಕರ್ಕೊಂಡು ಹೋಗಿ. ತಾಯಿ ಯಾರು, ಬಂದು ಒಂದು ಸಹಿ ಹಾಕಿ.”

ಮೂವರೂ ಎದ್ದು ನಿಂತೆವು.